ಮಹಿಳಾ ಹಾಕಿ ಫೈನಲ್ ನಡುವೆ ಚಾನೆಲ್ ತೆಗೆದುಹಾಕಿದ ಬಗ್ಗೆ ದೂರು

ಶಿರಸಿ
ದಿನಾಂಕ: 25 ನವೆಂಬರ್ 2024

ಇವರಿಂದ:
ದೈಹಿಕ ಶಿಕ್ಷಣ ಶಿಕ್ಷಕಿ,
ಪ್ರೌಢಶಾಲೆ, ಶಿರಸಿ ತಾಲೂಕು

ಇವರಿಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ನಮ್ಮ ಶಾಲೆಗೆ ಕೇಬಲ್ ಸಂಪರ್ಕ ನೀಡಿರುವ ಸಂಸ್ಥೆ

ವಿಷಯ: ಹಣ ಕಟ್ಟಿಸಿಕೊಂಡ ಕ್ರೀಡಾ ಚಾನೆಲ್ ಅನ್ನು ಮುನ್ಸೂಚನೆಯಿಲ್ಲದೆ ನಿಲ್ಲಿಸಿದ್ದು ಮತ್ತು ದೂರನ್ನು ಪರಿಹರಿಸದೆಯೇ ಮುಚ್ಚಿದ್ದು

ಮಾನ್ಯರೇ,

ನಮ್ಮ ಶಾಲೆಯ ಕೇಬಲ್ ಸಂಪರ್ಕಕ್ಕೆ ಈ ತಿಂಗಳು ಕ್ರೀಡಾ ಪ್ಯಾಕೇಜ್ ಸೇರಿಸಿ ಹಣ ಕಟ್ಟಿದ್ದೇವೆ. ತಿಂಗಳ ಕೊನೆಯವರೆಗೆ ಚಾನೆಲ್ ಬರುತ್ತದೆಂದು ನಿಮ್ಮ ರಸೀದಿಯಲ್ಲೇ ಇದೆ. ಆದರೂ ನವೆಂಬರ್ 20ರ ಸಂಜೆ, ಬಿಹಾರದ ರಾಜಗೀರ್‌ನಲ್ಲಿ ಮಹಿಳಾ ಹಾಕಿ ಏಷ್ಯನ್ ಚಾಂಪಿಯನ್ಸ್ ಟ್ರೋಫಿಯ ಫೈನಲ್ ನಡೆಯುತ್ತಿರುವಾಗ, ವಿರಾಮದ ಹೊತ್ತಿಗೆ ಆ ಚಾನೆಲ್ ಮಾಯವಾಯಿತು. ಪರದೆಯ ಮೇಲೆ ‘ನೀವು ಈ ಚಾನೆಲ್‌ಗೆ ಚಂದಾದಾರರಲ್ಲ’ ಎಂಬ ಸಾಲು. ಕರೆಂಟು ಇತ್ತು, ಮಳೆ ಇರಲಿಲ್ಲ, ಉಳಿದ ಚಾನೆಲ್‌ಗಳೆಲ್ಲ ಸರಿಯಾಗಿದ್ದವು.

ನಿಂತಿದ್ದು ಎಂಥ ಹೊತ್ತಿನಲ್ಲಿ ಎಂಬುದನ್ನು ನೀವು ತಿಳಿಯಬೇಕು. ಮೊದಲ ಮೂವತ್ತು ನಿಮಿಷ ಭಾರತ ಮತ್ತು ಚೀನಾ ಎರಡೂ ತಂಡ ಗೋಲು ಹೊಡೆದಿರಲಿಲ್ಲ. ಚೀನಾ ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡ. ನಮ್ಮವರಿಗೆ ಪ್ಯಾರಿಸ್‌ಗೆ ಹೋಗಲೇ ಆಗಿರಲಿಲ್ಲ. ಜನವರಿಯಲ್ಲಿ ರಾಂಚಿಯ ಅರ್ಹತಾ ಪಂದ್ಯದಲ್ಲಿ ಜಪಾನ್ ವಿರುದ್ಧ 0-1ರಿಂದ ಸೋತು ಅವಕಾಶ ಕಳೆದುಕೊಂಡಿದ್ದರು. ವಿರಾಮ ಮುಗಿದು ಆಟ ಶುರುವಾದ ಕೂಡಲೇ, 31ನೇ ನಿಮಿಷದಲ್ಲಿ, ಪೆನಾಲ್ಟಿ ಕಾರ್ನರ್‌ನಿಂದ ನಮ್ಮ ತಂಡದ ದೀಪಿಕಾ ಗೋಲು ಹೊಡೆದರು. ಇಡೀ ಫೈನಲ್‌ನಲ್ಲಿ ಆದದ್ದು ಅದೊಂದೇ ಗೋಲು. ನಮ್ಮ ಹುಡುಗಿಯರು ಆಗ ನಿಮ್ಮ ಆ ಒಂದು ಸಾಲನ್ನು ನೋಡುತ್ತ ಕೂತಿದ್ದರು.

ಶಾಲೆ ಬಿಟ್ಟ ಮೇಲೂ ಅವರು ಸಭಾಭವನದಲ್ಲಿ ಉಳಿದಿದ್ದರು. ಹುಲೇಕಲ್ ಮತ್ತು ಬನವಾಸಿ ಕಡೆಯಿಂದ ಬಸ್ಸಿಗೆ ಬರುವ ಮಕ್ಕಳ ಮನೆಯವರಿಗೆ ನಾನೇ ಫೋನ್ ಮಾಡಿ, ಕರೆದುಕೊಂಡು ಹೋಗಲು ಬನ್ನಿ ಎಂದು ಕೇಳಿಕೊಂಡಿದ್ದೆ. ಕೆಲವು ತಾಯಂದಿರು ಮೊದಲೇ ಬಂದು ಮಕ್ಕಳ ಜೊತೆ ಪಂದ್ಯ ನೋಡುತ್ತಿದ್ದರು. ಪರದೆ ಹೋದ ಮೇಲೆ ಒಬ್ಬರ ಮೊಬೈಲ್‌ನಲ್ಲಿ ಸ್ಕೋರ್ ತೆರೆದೆವು. ಅಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. “ಅಕ್ಕೋರೇ, ಗೋಲ್ ಹೊಡದ್ರಂತೆ!” ಎಂದು ಒಬ್ಬಳು ಕೂಗಿದಾಗ ಆ ಗೋಲು ಆಗಿ ಎಷ್ಟೋ ಹೊತ್ತಾಗಿತ್ತು.

ನಿಮ್ಮ ಸಹಾಯವಾಣಿಗೆ ಕರೆ ಮಾಡಿದೆ. ಮಾತಾಡಿದವರು ಹೇಳಿದ್ದು: “ಕ್ರಿಕೆಟ್ ಚಾನೆಲ್ ಬರ್ತಾ ಇದೆಯಲ್ಲ ಮೇಡಂ. ಹುಡುಗಿಯರ ಹಾಕಿ ಯಾರು ನೋಡ್ತಾರೆ?” ನಾವು ನೋಡುತ್ತೇವೆ. ನೋಡುವುದಕ್ಕೆಂದೇ ದುಡ್ಡು ಕೊಟ್ಟಿದ್ದೇವೆ. ದುಡ್ಡು ತೆಗೆದುಕೊಂಡ ಮೇಲೆ ಯಾವ ಆಟ ನೋಡತಕ್ಕದ್ದು ಎಂದು ತೀರ್ಮಾನಿಸುವ ಅಧಿಕಾರ ನಿಮಗಿಲ್ಲ. ಚಾನೆಲ್ ಆಯ್ಕೆ ಗ್ರಾಹಕರದ್ದೇ ಎಂದು ಕೇಬಲ್ ಸೇವೆಯನ್ನು ನಿಯಂತ್ರಿಸುವ ಪ್ರಾಧಿಕಾರವಾದ ಟ್ರಾಯ್‌ನ ನಿಯಮವೇ ಹೇಳುತ್ತದೆ. ಇಲ್ಲಿನ ಕೇಬಲ್ ಹುಡುಗನನ್ನು ಕೇಳಿದರೆ, “ಮೇಲಿಂದಲೇ ಪ್ಯಾಕೇಜ್ ಬದಲಾಯಿಸಿದ್ದಾರೆ ಅಕ್ಕೋರೇ, ನನಗೂ ಹೇಳಲಿಲ್ಲ” ಎಂದ. ಅವನ ಮೇಲೆ ನನ್ನ ದೂರಿಲ್ಲ.

ಮರುದಿನ ಮೊಬೈಲ್‌ಗೆ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶ ಬಂತು. ಚಾನೆಲ್ ಬಂದಿರಲಿಲ್ಲ. ಇದನ್ನು ಹೇಳಲು ಮತ್ತೆ ಕರೆ ಮಾಡಿದಾಗ, ಯೂಟ್ಯೂಬ್‌ನಲ್ಲಿ ತುಣುಕು ಸಿಗುತ್ತದೆ, ನೋಡಿಕೊಳ್ಳಿ ಎಂದರು. ನನಗೆ ಎಲ್ಲಕ್ಕಿಂತ ನೋವಾಗಿದ್ದು ಈ ಮಾತಿನಿಂದ. ತುಣುಕಿನಲ್ಲಿ ಗೋಲು ಕಾಣಬಹುದು. ನಾನು ಮಕ್ಕಳಿಗೆ ತೋರಿಸಬೇಕಿದ್ದದ್ದು ಗೋಲಿನ ನಂತರದ ಆಟ. 42ನೇ ನಿಮಿಷದಲ್ಲಿ ನಮ್ಮವರಿಗೆ ಸಿಕ್ಕ ಪೆನಾಲ್ಟಿ ಸ್ಟ್ರೋಕ್ (ಗೋಲ್‌ಕೀಪರ್ ಒಬ್ಬರನ್ನೇ ಎದುರಿಸಿ ಹೊಡೆಯುವ ಅವಕಾಶ) ಗೋಲಾಗಲಿಲ್ಲ. ಹಾಗಿದ್ದರೂ ಒಂದೇ ಗೋಲಿನ ಮುನ್ನಡೆಯನ್ನು ಅಂಥ ಬಲಿಷ್ಠ ತಂಡದೆದುರು ಕೊನೆಯವರೆಗೆ ಹೇಗೆ ಕಾಯ್ದುಕೊಂಡರು, ಚೆಂಡು ಕೈತಪ್ಪಿದಾಗ ಮಿಡ್‌ಫೀಲ್ಡ್‌ನವರು ಎಷ್ಟು ಬೇಗ ಹಿಂದೆ ಬಂದರು, ಚೆಂಡು ಇಲ್ಲದವರು ಎಲ್ಲಿ ನಿಂತರು ಎಂಬುದೆಲ್ಲ ಇಡೀ ಪಂದ್ಯ ನೋಡಿದರೆ ಮಾತ್ರ ತಿಳಿಯುವಂಥದ್ದು.

ನಮ್ಮ ಮಕ್ಕಳು ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನದ ಮೇಲೆ ಕಾಲಿಟ್ಟವರಲ್ಲ. ಆಡುವುದು ಜಂಬಿಟ್ಟಿಗೆ ಮಣ್ಣಿನ ಮೈದಾನದಲ್ಲಿ. ಅಲ್ಲಿ ಚೆಂಡು ಉರುಳುವುದಕ್ಕಿಂತ ಪುಟಿಯುವುದೇ ಹೆಚ್ಚು, ಮಳೆಗಾಲದಲ್ಲಂತೂ ತಿಂಗಳುಗಟ್ಟಲೆ ಆಟವೇ ಇಲ್ಲ. ಪೆನಾಲ್ಟಿ ಕಾರ್ನರ್ ಎಂದರೆ ಏನೆಂದು ನಾನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದೆ. ಒಬ್ಬಳು ಚೆಂಡು ತಳ್ಳುವುದು, ಇನ್ನೊಬ್ಬಳು ಅದನ್ನು ನಿಲ್ಲಿಸುವುದು, ಮತ್ತೊಬ್ಬಳು ಹೊಡೆಯುವುದು, ಇವೆಲ್ಲ ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುತ್ತವೆ ಎಂಬುದನ್ನು ಅವರು ನಿಜವಾಗಿ ಕಂಡದ್ದು ಈ ಟೂರ್ನಿಯಲ್ಲಿ. ಥಾಯ್ಲೆಂಡ್ ವಿರುದ್ಧದ 13-0 ಗೆಲುವು, ಅದರಲ್ಲಿ ದೀಪಿಕಾ ಒಬ್ಬರೇ ಹೊಡೆದ ಐದು ಗೋಲು, ಸೆಮಿಫೈನಲ್‌ನಲ್ಲಿ ಅದೇ ಜಪಾನ್ ಅನ್ನು 2-0ರಿಂದ ಸೋಲಿಸಿದ್ದು, ಎಲ್ಲವನ್ನೂ ನೋಡಿದ್ದರು. ನಾಯಕಿ ಸಲೀಮಾ ಟೇಟೆ ಜಾರ್ಖಂಡ್‌ನ ಸಿಮ್ಡೇಗಾ ಜಿಲ್ಲೆಯ ಹಳ್ಳಿಯವರು ಎಂದು ತಿಳಿದ ಮೇಲೆ ನಮ್ಮ ಹುಡುಗಿಯರು ಅಭ್ಯಾಸಕ್ಕೆ ಬರುವ ರೀತಿಯೇ ಬದಲಾಯಿತು. ಭಾರತ ಈ ಟ್ರೋಫಿಯನ್ನು 2016 ಮತ್ತು 2023ರ ನಂತರ ಮೂರನೇ ಸಲ ಗೆದ್ದ ಸಂಜೆ ಅವರಿಂದ ನೀವು ಕಸಿದುಕೊಂಡದ್ದು ಇದನ್ನು.

ಆದ್ದರಿಂದ ಮುಚ್ಚಿದ ನನ್ನ ದೂರನ್ನು ಮತ್ತೆ ತೆರೆಯಬೇಕು. ಚಾನೆಲ್ ಅನ್ನು ಯಾರ ತೀರ್ಮಾನದಿಂದ, ಯಾವ ಕಾರಣಕ್ಕೆ ತೆಗೆದಿರಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಕ್ರೀಡಾ ಪ್ಯಾಕೇಜ್‌ನ ಈ ತಿಂಗಳ ಹಣವನ್ನು ಶಾಲೆಗೆ ಮರಳಿಸಬೇಕು. ಆ ಹಣ ಪೋಷಕರು ಸೇರಿಸಿ ಕೊಟ್ಟಿದ್ದು. ನಮ್ಮ ಆಟವನ್ನು ಹೀಯಾಳಿಸಿ ಮಾತಾಡಿದ್ದಕ್ಕೆ ಸಂಸ್ಥೆಯ ಪರವಾಗಿ ಮಕ್ಕಳ ಹೆಸರಿಗೆ ಒಂದು ಕ್ಷಮಾಪಣೆ ಪತ್ರ ಬರಬೇಕೆಂದೂ ಕೇಳುತ್ತೇನೆ. ಹಣಕ್ಕಿಂತ ನನಗೆ ಅದೇ ಮುಖ್ಯ.

ಹದಿನೈದು ದಿನಗಳೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯೆಂದು ಕಾರವಾರದ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಹೋಗುತ್ತೇವೆ. ಶಾಲೆಯ ಆಡಳಿತ ಮಂಡಳಿ ಇದಕ್ಕೆ ಒಪ್ಪಿದೆ. ರಸೀದಿಯ ಪ್ರತಿ, ಪರದೆಯ ಫೋಟೋ ಮತ್ತು ದೂರು ಮುಚ್ಚಿದ ಸಂದೇಶವನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಇಂತಿ,
ದೈಹಿಕ ಶಿಕ್ಷಣ ಶಿಕ್ಷಕಿ
(ಶಾಲೆಯ ಬಾಲಕಿಯರ ಹಾಕಿ ತಂಡದ ಪರವಾಗಿ)