ಹಣದ ಪಾಠಕ್ಕೆ ಬನ್ನಿ, ಸಹಿ ಮಾತ್ರ ಹಾಕಬೇಡಿ

ಪ್ರೀತಿಯ ಪೋಷಕರೇ,

ನಮಸ್ಕಾರ. ಮುಂದಿನ ತಿಂಗಳ ಮೊದಲ ಎರಡು ಶನಿವಾರ ಬೆಳಿಗ್ಗೆ ಶಾಲೆಯಲ್ಲಿ ಹಣದ ಪಾಠ ಇಟ್ಟುಕೊಂಡಿದ್ದೇವೆ. ಉಳಿತಾಯ, ಸಾಲ, ಬಡ್ಡಿ, ಫೋನಿನಲ್ಲಿ ಹಣ ಕಳಿಸುವುದು, ಮೋಸದ ಕರೆ, ಇಷ್ಟು ವಿಷಯ. ಮಕ್ಕಳ ಜೊತೆ ನೀವೂ ಬರಬಹುದು, ಮನೆಯ ಅಜ್ಜ ಅಜ್ಜಿಯರನ್ನೂ ಕರೆತರಬಹುದು. ಖರ್ಚೆಲ್ಲ ಒಂದು ಹಣಕಾಸು ಕಂಪನಿಯದು.

ಕೊನೆಯ ಸಾಲು ಓದಿ ನಿಮ್ಮಲ್ಲಿ ಕೆಲವರು ಹುಬ್ಬು ಗಂಟಿಕ್ಕಿರುತ್ತೀರಿ. ನಾನೂ ಹಾಗೇ ಮಾಡಿದ್ದೆ. ಸಾಲ ಕೊಡುವವರೇ ಬಂದು ಸಾಲದ ಪಾಠ ಹೇಳುತ್ತಾರೆ ಅಂದರೆ ಸುಮ್ನೆ ಹೇಳುತ್ತಾರಾ? ಅದಕ್ಕೇ ಈ ಪತ್ರ ಸ್ವಲ್ಪ ಉದ್ದ.

ಕಳೆದ ತಿಂಗಳು ಕಂಪನಿಯವರು ಪಾಠದ ಪುಸ್ತಕ ತೋರಿಸಲು ಸ್ಟಾಫ್ ರೂಮಿಗೆ ಬಂದಿದ್ದರು. ಚಿತ್ರಗಳು ಚೆನ್ನಾಗಿದ್ದವು, ಭಾಷೆಯೂ ಸರಳವಾಗಿತ್ತು. ಕೊನೆಗೆ ಒಂದು ಕ್ವಿಜ್, ಗೆದ್ದವರಿಗೆ ಬಣ್ಣದ ಉಳಿತಾಯ ಡಬ್ಬಿ. ಅದರ ಕೆಳಗೆ ಸಣ್ಣಕ್ಷರದಲ್ಲಿ ಮೂರು ಖಾಲಿ ಜಾಗ: ಪೋಷಕರ ಹೆಸರು, ಮೊಬೈಲ್ ನಂಬರ್, ತಿಂಗಳ ಆದಾಯ. ಇದು ಯಾಕೆ ಅಂತ ಕೇಳಿದೆ. "ಫೀಡ್‌ಬ್ಯಾಕ್‌ಗೆ ಮೇಡಂ" ಅಂದರು. "ಫೀಡ್‌ಬ್ಯಾಕ್‌ಗೆ ಸಂಬಳ ಯಾಕ್ರೀ ಬೇಕು?" ಅಂದರು ನಮ್ಮ ಡ್ರಿಲ್ ಮೇಷ್ಟ್ರು. ಉತ್ತರ ಬರಲಿಲ್ಲ. ಕೆಂಪು ಪೆನ್ನು ತೆಗೆದು ಆ ಪುಟವನ್ನು ಪೂರ್ತಿ ಹೊಡೆದುಹಾಕಿದೆ. ಡಬ್ಬಿಯ ಮೇಲಿದ್ದ ಲೋಗೋ ಕೂಡ ಬೇಡ ಅಂದೆ. ಅವರಿಗೆ ಬೇಸರ ಆಯಿತು, ಆದರೆ ಒಪ್ಪಿದರು.

ಇದು ಅತಿಯಾಯಿತು ಅನ್ನಿಸಬಹುದು. ಆಸ್ಟ್ರೇಲಿಯಾದಲ್ಲಿ ನಡೆದದ್ದನ್ನು ಕೇಳಿ. ಅಲ್ಲಿ ಒಂದು ದೊಡ್ಡ ಬ್ಯಾಂಕ್ 1931ರಿಂದ ಶಾಲೆಗಳ ಒಳಗೇ ಮಕ್ಕಳಿಗೆ ಉಳಿತಾಯ ಖಾತೆ ನಡೆಸುತ್ತಿತ್ತು. ಇಂಥ ಯೋಜನೆಗಳನ್ನೆಲ್ಲ ಅಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆ ಪರಿಶೀಲಿಸಿ 2020ರಲ್ಲಿ ವರದಿ ಕೊಟ್ಟಿತು. ಇವುಗಳಿಂದಲೇ ಮಕ್ಕಳ ಉಳಿತಾಯದ ಅಭ್ಯಾಸ ಸುಧಾರಿಸಿತು ಅಂತ ನಡೆಸುವವರಿಗೆ ತೋರಿಸಲಾಗಲಿಲ್ಲ, ಚಿಕ್ಕ ಮಕ್ಕಳ ಮುಂದೆ ಜಾಣತನದ ಜಾಹೀರಾತು ಮಾತ್ರ ನಡೆದಿದೆ ಎಂಬುದು ಅದರ ಸಾರ. ವಿಕ್ಟೋರಿಯಾ ರಾಜ್ಯ 2021ರಿಂದ ತನ್ನ ಶಾಲೆಗಳಲ್ಲಿ ಇದನ್ನು ನಿಲ್ಲಿಸಿತು. ಹಣದ ಶಿಕ್ಷಣ ಬೇರೆ, ವ್ಯಾಪಾರದ ಸಲಹೆ ಬೇರೆ, ಎರಡನ್ನೂ ಬೆರೆಸಬೇಡಿ ಅಂತ ಹಲವು ದೇಶಗಳು ಸೇರಿ ಮಾಡಿಕೊಂಡ ಆರ್ಥಿಕ ಸಂಘಟನೆ ಓಇಸಿಡಿ 2005ರಲ್ಲೇ ಹೇಳಿದೆ.

ಹಾಗಾದರೆ ಇವರನ್ನು ಒಳಗೆ ಬಿಟ್ಟುಕೊಂಡದ್ದೇ ಯಾಕೆ? ನನ್ನದೇ ಒಂದು ಕಥೆ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಡೆ ಸಾಲ ತೆಗೆದುಕೊಂಡೆ. "ಹನ್ನೆರಡೇ ಪರ್ಸೆಂಟ್ ಮೇಡಂ, ಫ್ಲಾಟ್ ರೇಟ್" ಅಂದರು. ನಾನು ಗಣಿತದ ಟೀಚರ್! ಎರಡನೇ ಯೋಚನೆ ಇಲ್ಲದೆ ಸಹಿ ಹಾಕಿದೆ. ಸುಲಭಕ್ಕೆ 12,000 ಸಾಲ ಅಂದುಕೊಳ್ಳಿ, ಒಂದು ವರ್ಷಕ್ಕೆ. ಬಡ್ಡಿ 1,440, ತಿಂಗಳ ಕಂತು 1,120. ಸರಿಯಾಗೇ ಇದೆ ಅಲ್ವಾ? ಆದರೆ ಆರು ತಿಂಗಳಾಗುವಷ್ಟರಲ್ಲಿ ಅರ್ಧ ಅಸಲು ವಾಪಸ್ ಹೋಗಿರುತ್ತದೆ. ಬಡ್ಡಿಯನ್ನು ಮಾತ್ರ ಕೊನೆಯ ಕಂತಿನವರೆಗೂ ಪೂರ್ತಿ 12,000ದ ಮೇಲೆ ಕಟ್ಟುತ್ತಲೇ ಇರುತ್ತೇವೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ದರ ವರ್ಷಕ್ಕೆ ಶೇ 21ಕ್ಕಿಂತ ಜಾಸ್ತಿ. ಕೊನೆಯ ಕಂತು ಕಟ್ಟಿದ ಮೇಲೆ ನನಗೆ ಇದು ಹೊಳೆಯಿತು. ಬಹುಪದೋಕ್ತಿ ಕಲಿಸುತ್ತಿದ್ದ ನನಗೆ ಕಂತಿನ ಲೆಕ್ಕ ಯಾರೂ ಕಲಿಸಿರಲಿಲ್ಲ.

ಈ ಲೆಕ್ಕ ನಮ್ಮ ಮಕ್ಕಳಿಗೆ ಸಹಿ ಹಾಕುವ ಮೊದಲೇ ಗೊತ್ತಿರಬೇಕು ಅನ್ನುವುದು ನನ್ನ ಆಸೆ. ಒಳ್ಳೆಯ ಪುಸ್ತಕ, ತರಬೇತಾದವರು, ದೊಡ್ಡಕ್ಷರದ ಮುದ್ರಣ, ಇದಕ್ಕೆಲ್ಲ ನಮ್ಮ ಹತ್ತಿರ ದುಡ್ಡಿಲ್ಲ. ಅವರ ಹತ್ತಿರ ಇದೆ. ಹಾಗಾಗಿ ಪಾಠ ಮಾಡುವವರು ಅವರು, ಆದರೆ ಪ್ರತಿ ಕೋಣೆಯಲ್ಲೂ ನಮ್ಮ ಒಬ್ಬ ಟೀಚರ್ ಇರುತ್ತಾರೆ. ದೊಡ್ಡ ತರಗತಿಯವರು ಕಂಪನಿಯದ್ದೇ ಸಾಲದ ಅರ್ಜಿಯನ್ನು ಮುಂದಿಟ್ಟುಕೊಂಡು ನಿಜವಾದ ಬಡ್ಡಿ ಹುಡುಕುತ್ತಾರೆ. ಈ ಷರತ್ತು ನನ್ನದು. ಅದಕ್ಕೂ ಒಪ್ಪಿದರು ಅನ್ನುವುದು ಅವರ ಬಗ್ಗೆ ನನಗಿರುವ ಒಳ್ಳೆಯ ಅಭಿಪ್ರಾಯಕ್ಕೆ ಕಾರಣ.

ಚಿಕ್ಕವರಿಗೆ ಆಟದ ಅಂಗಡಿ. ನಡುವಿನವರಿಗೆ 72ರ ಲೆಕ್ಕ: 72ನ್ನು ಬಡ್ಡಿ ದರದಿಂದ ಭಾಗಿಸಿದರೆ ದುಡ್ಡು ಎರಡರಷ್ಟಾಗಲು ಬೇಕಾದ ಕಾಲ ಹೆಚ್ಚು ಕಡಿಮೆ ಸಿಗುತ್ತದೆ. ವರ್ಷಕ್ಕೆ ಶೇ 6 ಸಿಕ್ಕರೆ ಉಳಿತಾಯ 12 ವರ್ಷದಲ್ಲಿ ಎರಡರಷ್ಟು. ತಿಂಗಳಿಗೆ ಶೇ 3 ಬಿದ್ದರೆ ಕಾರ್ಡಿನ ಬಾಕಿ 24 ತಿಂಗಳಿಗೇ ಎರಡರಷ್ಟು. ಮನೆಯಲ್ಲಿ ನೀವೂ ಮಾಡಿ ನೋಡಿ.

ವಿಶೇಷ ಅಗತ್ಯದ ಮಕ್ಕಳ ಪೋಷಕರಿಗೆ ಒಂದು ಮಾತು. "ಇವನಿಗೆ ಹಣದ ಪಾಠ ಯಾಕೆ ಮೇಡಂ, ನಾವಿದ್ದೀವಲ್ಲ" ಅಂತ ಇಬ್ಬರು ಹೇಳಿದಿರಿ. ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೂ ಕಳಿಸಿ. ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳುವುದು ಅಂಗವಿಕಲರ ಸಮಾನ ಹಕ್ಕು ಎಂದು 2006ರ ವಿಶ್ವಸಂಸ್ಥೆಯ ಒಪ್ಪಂದದ 12ನೇ ವಿಧಿ ಹೇಳುತ್ತದೆ. ಕಾನೂನಿನ ಮಾತು ಹಾಗಿರಲಿ. ಕಳೆದ ವಾರ ಅಭ್ಯಾಸಕ್ಕೆಂದು ಒಂದು ತಟ್ಟೆ ತುಂಬ ನಾಣ್ಯ ಇಟ್ಟಿದ್ದೆವು. ಕಣ್ಣು ಕಾಣದ ನಮ್ಮ ಹುಡುಗಿಯೊಬ್ಬಳು ಅಂಚನ್ನು ಉಗುರಿನಿಂದ ಸವರಿ ಎಲ್ಲವನ್ನೂ ಗುಂಪು ಮಾಡಿದಳು. ನೋಟು ಬಂದಾಗ ಒಂದನ್ನು ಉದ್ದಕ್ಕೆ ಮಡಿಸಿದಳು, ಇನ್ನೊಂದನ್ನು ಅಡ್ಡಕ್ಕೆ, ಮೂರನೆಯದನ್ನು ಹಾಗೇ ಬಿಟ್ಟಳು. "ಪರ್ಸಲ್ಲಿ ಕೈ ಹಾಕಿದ್ರೆ ಗೊತ್ತಾಗತ್ತೆ ಮಿಸ್" ಅಂದಳು. ಕಂಪನಿಯ ಪುಸ್ತಕದಲ್ಲಿ ಇದು ಇರಲಿಲ್ಲ. ಈಗ ಸೇರಿಸುತ್ತಿದ್ದಾರೆ.

ಹಿರಿಯರ ಕೋಣೆಯಲ್ಲಿ ಮಾತು ಹೆಚ್ಚಾಗಿ ಫೋನಿನದು. ಓಟಿಪಿ ಕೇಳುವ ಕರೆ ಬಂದರೆ ಇಡುವುದು ಹೇಗೆ ಅಂತ ಜೋಡಿಯಾಗಿ ಕೂತು ಅಭ್ಯಾಸ ಮಾಡಿಸುತ್ತೇವೆ. ಮರ್ಯಾದೆ ನೋಡಿಕೊಂಡು ಮಾತು ಮುಂದುವರಿಸುವವರೇ ಜಾಸ್ತಿ ಸಿಕ್ಕಿಬೀಳುವುದು.

ಎರಡು ಶನಿವಾರದಲ್ಲಿ ಎಲ್ಲ ಬಂದುಬಿಡುತ್ತದೆ ಅಂತ ನಾನು ಹೇಳುವುದಿಲ್ಲ. 201 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಒಂದು ಸಂಶೋಧನೆ 2014ರಲ್ಲಿ ಬಂತು. ಗಂಟೆಗಟ್ಟಲೆ ಕಲಿಸಿದ್ದರೂ ಇಪ್ಪತ್ತು ತಿಂಗಳು ಕಳೆದ ಮೇಲೆ ಜನರ ನಡವಳಿಕೆಯಲ್ಲಿ ಅದರ ಗುರುತು ಇಲ್ಲವೆನ್ನುವಷ್ಟು ಕಡಿಮೆ ಅಂತ ಅದರಲ್ಲಿದೆ. ಬೇಕಾದ ಹೊತ್ತಿಗೆ ಹೇಳಿಕೊಟ್ಟರೆ ಉಪಯೋಗ ಜಾಸ್ತಿ ಅನ್ನುವುದು ಅವರ ಸಲಹೆ. ಹಾಗಾಗಿ ಮುಂದಿನ ಸಲ ನೀವು ಕಂತು ಕಟ್ಟುವಾಗ, ಬಿಲ್ ನೋಡುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಾಲ ಇದೆ ಅಂತ ಸಂಕೋಚ ಬೇಡ.

ಆ ಎರಡು ದಿನ ಶಾಲೆಯ ಆವರಣದಲ್ಲಿ ಯಾರೇ ಖಾತೆ, ಕಾರ್ಡ್, ವಿಮೆ ಅಂತ ಫಾರಂ ಕೊಟ್ಟರೆ ತೆಗೆದುಕೊಳ್ಳಬೇಡಿ, ನನಗೆ ಹೇಳಿ. ಎಷ್ಟು ಜನ ಬರುತ್ತೀರಿ, ಯಾರಿಗೆ ದೊಡ್ಡಕ್ಷರ, ಸಂಜ್ಞೆ ಭಾಷೆ ಅಥವಾ ಗಾಲಿಕುರ್ಚಿಗೆ ಜಾಗ ಬೇಕು ಅಂತ ಜೊತೆಗಿರುವ ಚೀಟಿಯಲ್ಲಿ ಬರೆದು ಕಳಿಸಿ. ಫೋನ್ ನಂಬರ್ ಬರೆಯಬೇಡಿ. ಅದು ನಮ್ಮ ಹತ್ತಿರ ಇದೆ, ನಮ್ಮ ಹತ್ತಿರವೇ ಇರುತ್ತದೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ