ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೆ ದೇಣಿಗೆ: ಸದಸ್ಯರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರಗಳು.

ಈ ಬಾರಿಯ ನಮ್ಮ ದೇಣಿಗೆಯನ್ನು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ದತ್ತಿ ಸಂಸ್ಥೆಗೆ ಕೊಡಬೇಕೆಂಬ ಸಲಹೆ ಬಂದಿರುವುದರಿಂದ, ಅಲ್ಲಿ ಹಣ ಹೇಗೆ ವಿನಿಯೋಗವಾಗುತ್ತದೆ ಎಂಬುದನ್ನು ತಿಳಿಸಬಯಸುತ್ತೇನೆ.

1852ರಲ್ಲಿ ಹತ್ತು ಹಾಸಿಗೆಗಳೊಂದಿಗೆ ಆರಂಭವಾದ ಈ ಆಸ್ಪತ್ರೆಯಲ್ಲಿ ಚಿಕಿತ್ಸೆಯ ಮೂಲ ವೆಚ್ಚವನ್ನು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಭರಿಸುತ್ತದೆ. ದೂರದ ಊರುಗಳಿಂದ ಬಂದು ವಾರಗಟ್ಟಲೆ ಮಗುವಿನ ಬಳಿ ಇರಬೇಕಾದ ತಂದೆತಾಯಿಗಳಿಗೆ ಸಮೀಪದಲ್ಲೇ ವಸತಿ, ಶಸ್ತ್ರಚಿಕಿತ್ಸೆಯ ಭಯವನ್ನು ಆಟದ ಮೂಲಕ ಕಳೆಯುವ ಪರಿಣತರ ತಂಡ, ಹೊಸ ಉಪಕರಣಗಳು, ಇವಕ್ಕೆ ದತ್ತಿ ಸಂಸ್ಥೆಯು ನೆರವಾಗುತ್ತದೆ. ಸಿಬ್ಬಂದಿಯ ಕ್ಷೇಮಕ್ಕೂ ಅದು ಹಣ ಒದಗಿಸುತ್ತದೆ. ದಾದಿಯರ ದಣಿವನ್ನು ಬಲ್ಲ ನಮ್ಮಲ್ಲಿ ಹಲವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ.

ನನ್ನ ಅಭಿಪ್ರಾಯದಲ್ಲಿ ಅತಿ ಮಹತ್ವದ ಭಾಗವೆಂದರೆ ಸಂಶೋಧನೆ. ಅಪರೂಪದ ಕಾಯಿಲೆಗಳಿಗೆ ತುತ್ತಾಗುವ ಮಕ್ಕಳ ಸಂಖ್ಯೆ ಕಡಿಮೆಯಿರುವುದರಿಂದ ಔಷಧ ಕಂಪನಿಗಳಿಗೆ ಅಲ್ಲಿ ಲಾಭ ಕಾಣುವುದಿಲ್ಲ, ಹೀಗಾಗಿ ದಾನಿಗಳ ಹಣವೇ ಹಲವು ಬಾರಿ ಮೊದಲ ಹೆಜ್ಜೆಯನ್ನು ಸಾಧ್ಯವಾಗಿಸುತ್ತದೆ. ದತ್ತಿ ಸಂಸ್ಥೆಗೆ 2014ರಲ್ಲಿ ದೊರೆತ 6 ಕೋಟಿ ಪೌಂಡ್ ಕೊಡುಗೆಯಿಂದ ರೂಪುಗೊಂಡ ಝಾಯೆದ್ ಸಂಶೋಧನಾ ಕೇಂದ್ರವು 2019ರಲ್ಲಿ ಆರಂಭವಾಯಿತು. ಮಕ್ಕಳ ಅಪರೂಪದ ಕಾಯಿಲೆಗಳೇ ಅದರ ಅಧ್ಯಯನದ ವಿಷಯ. ಇದೇ ಆಸ್ಪತ್ರೆಯ ವೈದ್ಯರು 2015ರಲ್ಲಿ, ಬೇರೆ ಚಿಕಿತ್ಸೆಗಳು ಫಲಿಸದಿದ್ದ ರಕ್ತ ಕ್ಯಾನ್ಸರಿನ ಒಂದು ಮಗುವಿಗೆ ಜೀನ್ ತಿದ್ದಿದ ಜೀವಕೋಶಗಳನ್ನು ನೀಡಿ ಕಾಯಿಲೆಯನ್ನು ಹಿಮ್ಮೆಟ್ಟಿಸಿದ್ದನ್ನು ಹಲವರು ಓದಿರಬಹುದು.

ಬ್ರಿಟನ್ನಿನಲ್ಲಿ ಸಾಕಷ್ಟು ತೆರಿಗೆ ಕಟ್ಟುವ ಸದಸ್ಯರು ದಯವಿಟ್ಟು ಗಿಫ್ಟ್ ಏಡ್ ಘೋಷಣೆಯನ್ನೂ ಭರ್ತಿ ಮಾಡಬೇಕು. ಆಗ ನೀವು ಕೊಡುವ ಪ್ರತಿ ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ಹೆಚ್ಚುವರಿಯಾಗಿ ಸಂಸ್ಥೆಗೆ ಸಲ್ಲುತ್ತದೆ.