ಮಾತ್ರೆಗಳ ಚೀಲ ಜೊತೆಗಿರಲಿ

ಕೇರಳದ ಬದಿಯಡ್ಕ ಕಡೆಯ ನಮ್ಮ ಗುಂಪಿನ ಸದಸ್ಯರಿಗೆಲ್ಲ ನಮಸ್ಕಾರ. ಬಿಪಿ, ಶುಗರ್ ಮಾತ್ರೆಗೆ ಆರೋಗ್ಯ ಕೇಂದ್ರಕ್ಕೆ ಹೋಗುವವರು ಚೀಟಿ ಮಾತ್ರ ಅಲ್ಲ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಮಂಗಳೂರಿನ ಡಾಕ್ಟರು ಕೊಟ್ಟದ್ದು, ಮೆಡಿಕಲಿನಿಂದ ಸುಮ್ನೆ ತಂದ ನೋವಿನ ಮಾತ್ರೆ, ಆಯುರ್ವೇದದ ಮದ್ದು, ಎಲ್ಲವೂ ಇರಲಿ. ಫಾರ್ಮಸಿಸ್ಟರಿಗೆ ತೋರಿಸಿ.

ನಮ್ಮಲ್ಲಿ ಸುಮಾರು ಜನಕ್ಕೆ ಎರಡು ಕಡೆ ಡಾಕ್ಟರು. ಮಂಗಳೂರಿನ ಚೀಟಿಯಲ್ಲಿ ಕಂಪೆನಿ ಇಟ್ಟ ಹೆಸರು, ಇಲ್ಲಿನ ಸ್ಟ್ರಿಪ್ಪಿನಲ್ಲಿ ಮೆಟ್‌ಫಾರ್ಮಿನ್ ಎಂದು ಶುಗರ್ ಮದ್ದಿನ ಮೂಲ ಹೆಸರು. ಎರಡೂ ಒಂದೇ ಎಂದು ಗೊತ್ತಾಗದೆ ಎರಡನ್ನೂ ನುಂಗುವವರಿದ್ದಾರೆ. ಕೆಲವು ಬಿಪಿ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರು ಗಂಟುನೋವಿಗೆ ಡೈಕ್ಲೋಫೆನಾಕ್ ಸೇರಿಸಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ 4 ಗಂಟೆ ಅಂತರ ಬೇಕು. ಡಾಕ್ಟರಿಗೆ ನಾವು ಹೇಳಿದ್ದಷ್ಟೇ ಗೊತ್ತು, ಅಲ್ವಾ?

ಇಂಗ್ಲೆಂಡಿನಲ್ಲಿ 2015ರಲ್ಲಿ ಇದಕ್ಕೂ ನೆರವಾಗುವ ಒಂದು ಸರ್ಕಾರಿ ಯೋಜನೆ ಬಂತು. ಊರಿನ ಡಾಕ್ಟರ ಕ್ಲಿನಿಕ್ಕಿನಲ್ಲೇ ಕ್ಲಿನಿಕಲ್ ಫಾರ್ಮಸಿಸ್ಟ್ ಇರುತ್ತಾರೆ. ರೋಗಿಯ ಜೊತೆ ಕೂತು ಮದ್ದಿನ ಪಟ್ಟಿಯನ್ನು ಪೂರ್ತಿ ನೋಡುತ್ತಾರೆ, ಬೇಡದ್ದನ್ನು ತೆಗೆಸುತ್ತಾರೆ. ನಮ್ಮ ಕೌಂಟರಿನ ಕ್ಯೂನಲ್ಲಿ ಅಷ್ಟು ಹೊತ್ತು ಎಲ್ಲಿ? ಹಾಗಾಗಿ ಜನ ಕಡಿಮೆಯಾದ ಮೇಲೆ ಹೋಗಿ ಕೇಳಿ.

ಮಲಯಾಳ ಓದಲು ಬಾರದ ಹಿರಿಯರ ಜೊತೆ ಮನೆಯವರು ಯಾರಾದರೂ ಹೋಗಿ. ಕವರಿನ ಮೇಲೆ ‘ಬೆಳಿಗ್ಗೆ’, ‘ರಾತ್ರಿ’, ‘ಊಟಕ್ಕೆ ಮೊದಲು’ ಎಂದು ಅಲ್ಲೇ ಕನ್ನಡದಲ್ಲಿ ಬರೆದುಕೊಳ್ಳಿ.

ದಯವಿಟ್ಟು ಸ್ಟ್ರಿಪ್ಪಿನ ಫೋಟೊ ಹಾಕಿ ‘ಇದು ತಿನ್ನಬಹುದಾ’ ಎಂದು ಗುಂಪಿನಲ್ಲಿ ಕೇಳಬೇಡಿ, ಅಂಥದ್ದನ್ನು ಅಳಿಸುತ್ತೇವೆ. ಯಾವ ಮಾತ್ರೆ ನಿಲ್ಲಿಸುವುದಿದ್ದರೂ ಡಾಕ್ಟರನ್ನು ಕೇಳಿಯೇ ನಿಲ್ಲಿಸಿ.